ಮ್ಯಾಗ್ನೆಟ್ ಅಂಟಲಿಲ್ಲ ಅಂತ ಜಾಳಿ ಬಾಗಿಲು ತಗೋಬೇಡಿ

ಗೋವಾದ ವಾಸ್ಕೋ, ಮಡಗಾಂವ್ ಕಡೆ ಸಮುದ್ರದ ಹತ್ತಿರ ಮನೆ ಇರುವ ನಮ್ಮ ಕನ್ನಡದ ಜನ ದಯವಿಟ್ಟು ಇದನ್ನ ಪೂರ್ತಿ ಓದಿ. ನನ್ನ 28,000 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ, ಹೇಗೆ ಹೋಯಿತು ಅನ್ನೋದೇ ಜಾಸ್ತಿ ಉರಿಯುತ್ತಿದೆ.

ನಮ್ಮ ಮನೆ ವಾಸ್ಕೋದ ಬೈನಾದಲ್ಲಿ. ಗ್ಯಾಲರಿಯಲ್ಲಿ ನಿಂತರೆ ಸಮುದ್ರ ಕಾಣುತ್ತದೆ. ಸಂಜೆ ಬಾಗಿಲು ತೆಗೆದರೆ ಗಾಳಿ ಜೊತೆ ಸೊಳ್ಳೆಯೂ ಬರುತ್ತದೆ. ಪಕ್ಕದ ಬಿಲ್ಡಿಂಗಿನಲ್ಲಿ ಇಬ್ಬರಿಗೆ ಡೆಂಗಿ ಆದ ಮೇಲೆ ಮುಂಬಾಗಿಲು, ಅಡುಗೆಮನೆ, ಗ್ಯಾಲರಿ ಮೂರಕ್ಕೂ ಜಾಳಿ ಬಾಗಿಲು ಹಾಕಿಸಲು ಹೊರಟೆ.

ಮೊದಲು ಬಂದವನು ಕೊಂಕಣಿಯವನು. ಫೈಬರ್ ಜಾಳಿ, 316 ಗ್ರೇಡಿನ ಸ್ಟೀಲ್ ಸ್ಕ್ರೂ ಅಂತ ಏನೇನೋ ಹೇಳಿ 36,000 ಕೇಳಿದ. ಸುಲಿಗೆ ಅಂದುಕೊಂಡು ಕಳಿಸಿಬಿಟ್ಟೆ. ಈಗ ಮಾರ್ಕೆಟ್‌ನಲ್ಲಿ ಅವನು ಎದುರಾದರೆ ತಲೆ ತಗ್ಗಿಸಿಕೊಂಡು ಹೋಗುತ್ತೇನೆ.

ಎರಡನೆಯವನು ನಮ್ಮ ಕಡೆಯವನು. "ಅಕ್ಕಾರ, ನಿಮ್ಮದು ಯಾವೂರ್ರಿ?" ಅಂದ. ಗದಗ ಅಂದೆ. "ನಮ್ಮವ್ವನ ತವರುಮನಿ ಗದಗರೀ!" ಅಂದ. ಮುಗೀತು. ಚಹಾ ಕೊಟ್ಟೆ, ಗಿರಮಿಟ್ಟೂ ಮಾಡಿ ಕೊಟ್ಟೆ.

ಚಹಾ ಕುಡಿದು ಜೇಬಿನಿಂದ ಸಣ್ಣ ಮ್ಯಾಗ್ನೆಟ್ ತೆಗೆದ. ಹಳೇ ಸ್ಪೀಕರಿನದು. ನಮ್ಮ ಕಿಟಕಿ ಸರಳಿಗೆ ಹಿಡಿದ, ಟಪ್ ಅಂತ ಅಂಟಿತು. ತನ್ನ ಸ್ಯಾಂಪಲ್ ಜಾಳಿಗೆ ಹಿಡಿದ, ಜಾರಿ ಅಂಗೈಗೆ ಬಿತ್ತು. "ನೋಡ್ರಿ ಅಕ್ಕಾರ, ಅಸಲಿ 304 ಗ್ರೇಡ್ ಸ್ಟೀಲ್. ಕಬ್ಬಿಣ ಇದ್ದಿದ್ರ ಹಿಡೀತಿತ್ತು. ಐದ್ ವರ್ಷ ಗ್ಯಾರಂಟಿ." ನಾನೇ ಇಸಿದುಕೊಂಡು ಎರಡು ಸಲ ಹಿಡಿದು ನೋಡಿದೆ. ಮಗಳನ್ನ ಕರೆದು "ನೋಡು, ಹೀಗೆ ಚೆಕ್ ಮಾಡಬೇಕು" ಅಂತ ಪಾಠ ಬೇರೆ ಹೇಳಿದೆ. ಅದು ನೆನಪಾದಾಗಲೆಲ್ಲ ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಯಾಕೆಂದರೆ 202 ಅನ್ನೋ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟೋದಿಲ್ಲ! ಅದರಲ್ಲಿ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ನೋಡೋಕೆ ಅದೇ ಹೊಳಪು. ಮ್ಯಾಗ್ನೆಟ್ ತೋರಿಸೋದು ಸುಮ್ನೆ ಕಣ್ಕಟ್ಟು. ಇನ್ನೊಂದು ಮಾತು, ಅದು ನಿಜವಾಗಿ 304 ಆಗಿದ್ದರೂ ಸಮುದ್ರದ ಬಾಯಲ್ಲಿ ಕಲೆ ಬೀಳುತ್ತದೆ. ಉಪ್ಪಿಗೆ ಜಾಸ್ತಿ ತಡೆಯೋದು 316. ಅದರಲ್ಲಿ ಶೇಕಡಾ 2-3 ಮಾಲಿಬ್ಡಿನಮ್ ಇರುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ನವೆಂಬರಿನಲ್ಲಿ ಕೂರಿಸಿದ. ಫೆಬ್ರವರಿಗೆ ಗ್ಯಾಲರಿ ಜಾಳಿ ಮೇಲೆ ಚಹಾ ಸಿಡಿದ ಹಾಗೆ ಕಂದು ಚುಕ್ಕೆ. ಫೋಟೋ ಕಳಿಸಿದೆ. "ಅದು ತುಕ್ಕಲ್ಲರೀ ಅಕ್ಕಾರ, ಉಪ್ಪಿನ ಕಲಿ. ಪಾತ್ರಿ ತಿಕ್ಕೋ ತಂತಿ ಜುಂಗು ಇರತೈತಲ್ಲ, ಅದರಿಂದ ಗಟ್ಟಿಯಾಗಿ ತಿಕ್ಕರಿ." ತಿಕ್ಕಿದೆ. ಎರಡು ವಾರಕ್ಕೆ ಚುಕ್ಕೆ ಎರಡರಷ್ಟಾಯಿತು. ತಂತಿ ಜುಂಗಿನ ಕಬ್ಬಿಣದ ಚೂರು ಜಾಳಿಯಲ್ಲಿ ಉಳಿದು ಅದೂ ತುಕ್ಕು ಹಿಡಿಯುತ್ತದಂತೆ.

ತಮಾಷೆ ಅಂದರೆ, ಮಳೆಗಾಲ ಬಂದ ಮೇಲೂ ಮಳೆ ಬಡಿಯುವ ಅಡುಗೆಮನೆ ಬಾಗಿಲು ಸ್ವಲ್ಪ ಚೆನ್ನಾಗೇ ಇತ್ತು. ಸ್ಲ್ಯಾಬಿನ ಕೆಳಗೆ ಒಂದು ಹನಿಯೂ ಬೀಳದ ಗ್ಯಾಲರಿದೇ ಜಾಸ್ತಿ ಹೋಗಿದ್ದು. ಮಳೆ ಉಪ್ಪನ್ನ ತೊಳೆಯುತ್ತದೆ, ಮಳೆ ತಾಗದ ಕಡೆ ಉಪ್ಪು ಕೂತಲ್ಲೇ ತಿನ್ನುತ್ತದೆ. ಅದರ ಮೇಲೆ ಬಂದರಿನ ಕಲ್ಲಿದ್ದಲ ಪುಡಿ ಬೇರೆ. ವಾಸ್ಕೋದವರಿಗೆ ಅದನ್ನ ಹೇಳಬೇಕಾ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪಾವ್ ಮಾರುವ ಪೋದೇರನ ಹಾರ್ನ್ ಕೇಳಿ ಮುಂಬಾಗಿಲು ಎಳೆದೆ. ಮೇಲಿನ ಬಿಜಾಗರಿ ಕಿತ್ತು ಇಡೀ ಬಾಗಿಲು ನನ್ನ ಭುಜದ ಮೇಲೆ ಒರಗಿತು. ಪಾಪ ಪೋದೇರನೇ ಸೈಕಲ್ ನಿಲ್ಲಿಸಿ ಬಂದು ಇಳಿಸಿಟ್ಟ. ನೋಡಿದರೆ ಅಲ್ಯೂಮಿನಿಯಂ ಫ್ರೇಮಿಗೆ ಸಾದಾ ಕಬ್ಬಿಣದ ಸ್ಕ್ರೂ ಹೊಡೆದಿದ್ದಾನೆ. ಈ ಎರಡು ಲೋಹ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಸ್ಕ್ರೂ ಸುತ್ತ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದರೆ ಒಳಗೆ ಬರೀ ಬಿಳಿ ಪುಡಿ. ತೂತು ಸ್ಕ್ರೂಗಿಂತ ದೊಡ್ಡದಾಗಿತ್ತು.

ಫೋನ್ ಮಾಡಿದೆ. ಅಲ್ಲಿವರೆಗೆ ಅಕ್ಕಾರ ಆಗಿದ್ದವಳು ಅವತ್ತು ಮೇಡಮ್ ಆದೆ. "ಮೇಡಮ್, ನೀವೇ ತಂತಿ ಜುಂಗಿನಿಂದ ತಿಕ್ಕಿ ಹಾಳ್ ಮಾಡೀರಿ, ನಾ ಏನ್ ಮಾಡ್ಲಿ?" ತಿಕ್ಕು ಅಂದವನೇ ಅವನು! ಮೆಸೇಜ್ ಇದೆ ಅಂದೆ. "ಸಮುದ್ರದ ದಂಡಿಗೆ ಮನಿ ತಗೊಂಡಾವ್ರು ನೀವು, ನಾ ಅಲ್ಲ" ಅಂದ. ಗ್ಯಾರಂಟಿ ಅಂದೆ. "ಗ್ಯಾರಂಟಿ ಫಿಟಿಂಗಿಗೆರೀ, ತುಕ್ಕಿಗಲ್ಲ." ಹಾಗಾದರೆ ಬಿಜಾಗರಿ ಕಿತ್ತಿದ್ದು ಫಿಟಿಂಗ್ ಅಲ್ವಾ? ಕಟ್ ಮಾಡಿದ. ಸಂಜೆ ನನ್ನ ಯಜಮಾನರಿಗೆ ಫೋನ್ ಮಾಡಿ "ಸರ್, ಅವರಿಗೆ ಇದೆಲ್ಲ ತಿಳಿಯಂಗಿಲ್ಲ, ನೀವರ ಹೇಳ್ರಿ" ಅಂದನಂತೆ. ನನಗೆ ತಿಳಿಯಂಗಿಲ್ಲ!

ಜಾಳಿ ತುಂಡು ಹಿಡಿದುಕೊಂಡು ಭಂಗಾರದ (ಗುಜರಿ) ಅಂಗಡಿಗೆ ಹೋದೆ. ಅವನು ಒಂದು ಹನಿ ಕೆಮಿಕಲ್ ಹಾಕಿದ, ಕೆಂಪಾಯಿತು. "ದೋ ಸೌ ದೋ", ಅಂದರೆ 202, ಅಂತ ತಕ್ಕಡಿ ಕಡೆ ಕೈ ತೋರಿಸಿದ. ಒಂದು ಹನಿಯ ಕೆಲಸ, ಅಷ್ಟೇ. ಕೊಳ್ಳೋ ಮೊದಲೇ ಸ್ಯಾಂಪಲ್ ತುಂಡು ಇಸಿದುಕೊಂಡು ಹೋಗಿದ್ದರೆ 28,000 ಉಳಿಯುತ್ತಿತ್ತು.

ಬಿಲ್ ಅಂತ ನನ್ನ ಹತ್ರ ಇರೋದು ಒಂದು ಚೀಟಿ. "ಸ್ಟೀಲ್ ಜಾಳಿ ಡೋರ್ 3" ಅಂತ ಬರೆದಿದೆ. ಗ್ರೇಡ್ ಇಲ್ಲ, ಅಂಗಡಿ ಸೀಲ್ ಇಲ್ಲ. ನೀವಾದರೂ ಜಾಳಿ, ಸ್ಕ್ರೂ, ಬಿಜಾಗರಿ ಮೂರರ ಗ್ರೇಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. 316ಕ್ಕೆ ದುಡ್ಡಿಲ್ಲ ಅಂದರೆ ಫೈಬರ್ ಜಾಳಿ ಹಾಕಿಸಿ. ಬೆಕ್ಕು ಹರಿಯಬಹುದು, ತುಕ್ಕಂತೂ ಹಿಡಿಯಲ್ಲ. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯಿರಿ. ಊರು ಕೇಳಿದರೆ ಹೇಳಿ, ಗಿರಮಿಟ್ಟು ಮಾತ್ರ ಕೊಡಬೇಡಿ.

ನಿನ್ನೆ ಅವನ ಸ್ಟೇಟಸ್ ನೋಡಿದೆ. ಬೋಗಮಾಳೋ ಕಡೆ ಯಾರದೋ ಮನೆ, ನಾಲ್ಕು ಹೊಸ ಜಾಳಿ ಬಾಗಿಲು ಫಳಫಳ ಹೊಳೆಯುತ್ತಿವೆ. ಆ ಮನೆಯವರು ಕನ್ನಡದವರಾಗಿದ್ದರೆ, ಬಾಕಿ ದುಡ್ಡು ಇನ್ನೂ ಕೊಟ್ಟಿಲ್ಲ ಅಂದರೆ, ತಡೆಹಿಡೀರಿ.