ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಕಾರು ಮತ್ತು ಅಗ್ಗದ ಒಬಿಡಿ ಸ್ಕ್ಯಾನರ್: ವರ್ಷ ದಾಟಿದ ಬಳಕೆ

ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸಿದರೆ ಎಂಜಿನ್ನಿನ ದೋಷ, ಸೆನ್ಸರ್ ಅಂಕಿಗಳನ್ನು ತೋರಿಸುವ ಪುಟ್ಟ ಡಬ್ಬಿ ಇದು. ಆರುನೂರು ರೂಪಾಯಿ ಒಳಗೆ ಸಿಕ್ಕಿತು. ಯಾವ ಚಿಪ್, ಎಷ್ಟು ಪ್ರೋಟೋಕಾಲ್ ಅನ್ನೋದನ್ನೆಲ್ಲ ಮಾರುವವರೇ ಬರೆದಿರುತ್ತಾರೆ, ಬಿಡಿ. ನಾನು ತಗೊಂಡಿದ್ದು ಒಂದೇ ಕಾರಣಕ್ಕೆ. ನಮ್ಮ ಹಳೆ ಪೆಟ್ರೋಲ್ ಕಾರು ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಬೆಳಗ್ಗೆ ಒಂದೇ ಸೆಲ್ಫ್‌ಗೆ ಹಿಡಿಯುತ್ತಿತ್ತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಒಂದು ತಕರಾರೂ ಇಲ್ಲದೆ ಓಡುತ್ತಿತ್ತು. ವಾಪಸ್ ಬಂದು ಮಂಡಕ್ಕಿ ಮಿರ್ಚಿಗೆ ಅಂತ ಹತ್ತು ನಿಮಿಷ ಆಫ್ ಮಾಡಿದರೆ ಮುಗೀತು. ಸೆಲ್ಫ್ ಜೋರಾಗಿಯೇ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ತಾನಾಗಿ ಸರಿ. ಏಪ್ರಿಲ್ ಬಿಸಿಲಲ್ಲಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೀಗೆ ಕಾಯುವುದು ತುಂಬಾ ಕಷ್ಟ.

ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಹಾಕಿಸಿದರು. ಆಮೇಲೆ ಪ್ಲಗ್. ಆಮೇಲೆ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ರಿಲೇ. ಸೆಲ್ಫ್ ಅಷ್ಟು ಚೆನ್ನಾಗಿ ತಿರುಗುವ ಗಾಡಿಗೆ ಹೊಸ ಬ್ಯಾಟರಿ ಯಾಕೆ ಬೇಕಿತ್ತು? "ಇಲ್ಲಿ ಸ್ಟಾರ್ಟ್ ಆಗ್ತಿದೆಯಲ್ಲ ಸಾರ್" ಅನ್ನುತ್ತಿದ್ದರು. ಅಲ್ಲಿಗೆ ತಲುಪುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತಿತ್ತು.

ಸ್ಕ್ಯಾನರ್ ಕೂಡ ಮೊದಲು ಸಿಟ್ಟೇ ತರಿಸಿತು. ದೋಷದ ಕೋಡ್ ಓದು ಅಂದರೆ 'ಯಾವ ದೋಷವೂ ಇಲ್ಲ' ಅನ್ನುತ್ತೆ. ಪುಕ್ಕಟೆ ಆ್ಯಪ್ ತುಂಬಾ ಜಾಹೀರಾತು. ಕೆಲವೊಮ್ಮೆ ಸಂಪರ್ಕ ಹಿಡಿಯಲು ಡಬ್ಬಿ ತೆಗೆದು ಮತ್ತೆ ಸಿಕ್ಕಿಸಬೇಕು. ವಾಪಸ್ ಕಳಿಸೋಣ ಅಂತಲೇ ಇದ್ದೆ.

ಉಳಿಸಿಕೊಂಡಿದ್ದು ಸೆನ್ಸರ್ ಅಂಕಿಗಳನ್ನು ಆಗಿಂದಾಗಲೇ ತೋರಿಸುವ ಲೈವ್ ಡೇಟಾ ಪರದೆಗಾಗಿ. ಅದು ಸಿಕ್ಕ ಮೇಲೆ ನನ್ನ ಬೆಳಗೇ ಬದಲಾಯಿತು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮುಂಚೆ, ಕೂಲೆಂಟ್ (ಎಂಜಿನ್ ತಣ್ಣಗಿಡುವ ನೀರು) ಮತ್ತು ಒಳಗೆ ಹೋಗುವ ಗಾಳಿಯ ತಾಪಮಾನ ಎರಡನ್ನೂ ನೋಡುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಬಹಳ ವ್ಯತ್ಯಾಸ ಬಂದರೆ ಯಾವುದೋ ಒಂದು ಸೆನ್ಸರ್ ತಪ್ಪು ಹೇಳುತ್ತಿದೆ ಅಂತ. ಹಿಂದಿನಿಂದ ಮಗಳು ಅಂಕಿ ಓದಿ ಹೇಳುತ್ತಾಳೆ, ಆಮೇಲೇ ಗಾಡಿ ಹೊರಡುವುದು.

ಸಂಜೆ ಇನ್ನೊಂದು ವಿಷಯ ಕಂಡಿತು. ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟರೆ ಕೂಲೆಂಟ್ 90 ಡಿಗ್ರಿಯಿಂದ 97, 98ರವರೆಗೆ ಏರುತ್ತೆ. ನೀರಿನ ಪಂಪ್ ನಿಂತಿರುತ್ತೆ, ಮುಂದಿನಿಂದ ಗಾಳಿಯೂ ಬರಲ್ಲ. ಎಂಜಿನ್ನಿನ ಬಿಸಿಯೆಲ್ಲ ಅಕ್ಕಪಕ್ಕದ ಭಾಗಗಳಿಗೆ ಹತ್ತುತ್ತೆ. ಓಡುವಾಗ ಸರಿಯಿದ್ದ ಗಾಡಿ ಹತ್ತು ನಿಮಿಷ ನಿಂತಾಗಲೇ ಕೈಕೊಡುವುದು ಇದಕ್ಕೇ.

ಮುಂದಿನ ಸಲ ಮಂಡಕ್ಕಿ ಅಂಗಡಿ ಮುಂದೆ ನಿಂತಾಗ ಮೊಬೈಲ್ ತೆಗೆದೆ. ಕೂಲೆಂಟ್ 97. ಅಲ್ಲಿ ಮೈನಸ್ 40 ಬಂದಿದ್ದರೆ ಆ ಸೆನ್ಸರ್ ವೈರ್ ಕಡಿದಿದೆ ಅಂತ. ಆಗ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯಬಹುದು. ಹಾಗಾಗಿರಲಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅಂದಿತು. ಅದೂ ಸರಿ. ಆಮೇಲೆ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ಅನ್ನೋದು) ನೋಡುತ್ತಾ ಸೆಲ್ಫ್ ಹೊಡೆದೆ. ಎಂಜಿನ್ ಗರಗರ ತಿರುಗುತ್ತಿದೆ, ಪರದೆ ಮೇಲೆ ಸೊನ್ನೆ! ಬೆಳಗ್ಗೆ ಸೆಲ್ಫ್ ಹೊಡೆದಾಗ ಪರದೆಯ ಅದೇ ಜಾಗದಲ್ಲಿ 200ರ ಆಸುಪಾಸು ತೋರಿಸುತ್ತಿತ್ತು. ನನಗಾದ ಖುಷಿ ಹೇಳತೀರದು.

ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ಹೇಳುವುದು ಕ್ರ್ಯಾಂಕ್ ಸೆನ್ಸರ್. ಅದರ ಸಿಗ್ನಲ್ ಇಲ್ಲದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ನಮ್ಮ ಗಾಡಿಯಲ್ಲಿರುವ ಥರದ ಸೆನ್ಸರ್ ಒಳಗೆ ಕೂದಲೆಳೆ ತಂತಿಯ ಸುರುಳಿ ಇರುತ್ತೆ. ಹಳೆಯದಾದ ಮೇಲೆ ಬಿಸಿಗೆ ಬಿರುಕು ಬಿಟ್ಟು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳಬಹುದು. ಸಿಗ್ನಲ್ ಪೂರ್ತಿ ನಿಂತರೆ ಎಷ್ಟೋ ಗಾಡಿಗಳ ಇಸಿಯು ಎಂಜಿನ್ ಸುಮ್ನೆ ನಿಂತಿದೆ ಅಂತಲೇ ತಿಳಿಯುತ್ತೆ. ಹಾಗಾಗಿ ಕ್ರ್ಯಾಂಕ್ ಸೆನ್ಸರ್ ದೋಷದ ಪಿ 0335 ಕೋಡ್ ಬಾರದೇ ಇರಬಹುದು. 'ದೋಷವಿಲ್ಲ' ಅಂತ ಬಂದರೆ ನಂಬಿ ಕೂರಬೇಡಿ.

ಪರದೆಯ ವಿಡಿಯೋ ಬೇರೆ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಗಾಡಿ ಬಿಸಿ ಮಾಡಿ, ಆಫ್ ಮಾಡಿ, ಸ್ಟಾರ್ಟ್ ಆಗದಿದ್ದಾಗ ಗೇರ್‌ಬಾಕ್ಸ್ ಹತ್ತಿರದ ಆ ಸೆನ್ಸರ್ ಮೇಲೆ ತಣ್ಣೀರಿನ ಬಟ್ಟೆ ಇಟ್ಟರು. ಸ್ವಲ್ಪ ಹೊತ್ತಿಗೆ ಹಿಡಿಯಿತು. ಕನೆಕ್ಟರ್, ವೈರ್ ನೋಡಿ ಹೊಸ ಸೆನ್ಸರ್ ಹಾಕಿದರು. ಬ್ಯಾಟರಿಗೆ ಕೊಟ್ಟ ದುಡ್ಡಿನ ಅರ್ಧವೂ ಆಗಲಿಲ್ಲ. ಈ ಬೇಸಿಗೆಯಲ್ಲಿ ತೊಂದರೆ ಮತ್ತೆ ಬರಲಿಲ್ಲ.

ಹೊಸ ಕಾರು, ವಾರಂಟಿ ಇದ್ದವರಿಗೆ ಇದು ಬೇಡ. 2013ರಿಂದೀಚಿನ ಹಳೆ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ತಗೊಳ್ಳಿ. ನಾಲ್ಕೈದು ದಿನ ಗಾಡಿ ನಿಲ್ಲಿಸುವುದಾದರೆ ಡಬ್ಬಿ ತೆಗೆದಿಡಿ, ಬ್ಯಾಟರಿ ತಿನ್ನುತ್ತೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿದು ಕೆಲವು ಅಗ್ಗದ ಡಬ್ಬಿಗಳ ಸಂಪರ್ಕ ಕಡಿದುಹೋಗುತ್ತೆ. ಅದಕ್ಕೇ ತಂದ ದಿನವೇ ತಣ್ಣಗಿನ ಎಂಜಿನ್ನಿಗೆ ಸೆಲ್ಫ್ ಹೊಡೆದು ಆರ್‌ಪಿಎಂ ಬರುತ್ತಾ ನೋಡಿ. ಬರದಿದ್ದರೆ ವಾಪಸ್ ಕಳಿಸಿ.