ಬಣ್ಣ ಚೆನ್ನಾಗಿದೆ, ಬಫರ್ ಮುಟ್ಟಬೇಡಿ

ಮ್ಯಾಕ್ರೋಫೇಜ್‌ಗಳ (ರೋಗನಿರೋಧಕ ಕೋಶಗಳು) ಒಳಗಿನ ಲಿಪಿಡ್ ಹನಿ, ಅಂದರೆ ಕೊಬ್ಬಿನ ಹನಿ ನೋಡೋಕೆ ತರಿಸಿದ ಸ್ಟೇನಿಂಗ್ ಕಿಟ್ ಇದು. ಡಬ್ಬಿಯಲ್ಲಿ ಕೊಬ್ಬಿಗೆ ಸೇರಿ ಹಸಿರಾಗಿ ಹೊಳೆಯೋ ಬೋಡಿಪಿ 493/503 ಬಣ್ಣ, ಒಂದು ಬಾಟಲಿ ಪರ್ಮಿಯಬಿಲೈಸೇಷನ್ ಬಫರ್ (ಆಂಟಿಬಾಡಿ ಒಳಗೆ ಹೋಗೋಕೆ ಕೋಶದ ಪೊರೆಯಲ್ಲಿ ತೂತು ಮಾಡೋ ದ್ರಾವಣ), ವಿಧಾನ ಬರೆದಿರೋ ಒಂದು ಹಾಳೆ. ನಾಲ್ಕು ತಿಂಗಳಿಂದ ಬಳಸ್ತಿದ್ದೀನಿ.

ಬಣ್ಣದ ಬಗ್ಗೆ ತಕರಾರಿಲ್ಲ. ಟಿಎಚ್‌ಪಿ-1 ಅನ್ನೋ ಲ್ಯಾಬಲ್ಲಿ ಬೆಳೆಸೋ ರಕ್ತಕೋಶಗಳಿಗೆ ಪಿಎಂಎ ಅನ್ನೋ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್ ಮಾಡಿ, ಒಂದು ರಾತ್ರಿ ಓಲಿಯಿಕ್ ಆಸಿಡ್ (ಒಂದು ಕೊಬ್ಬಿನಾಮ್ಲ) ಉಣಿಸಿದರೆ ಸಾಕು, ಬೆಳಿಗ್ಗೆ ಹೊಟ್ಟೆ ತುಂಬ ಹಸಿರು ಮಣಿ. ಮೊದಲು ನೈಲ್ ರೆಡ್ ಅನ್ನೋ ಬೇರೆ ಬಣ್ಣ ಹಾಕ್ತಿದ್ದೆ. ಅದು ಕೆಂಪು ಚಾನೆಲ್‌ಗೂ ನುಗ್ಗಿ, ಪ್ರೋಟೀನ್ ಗುರುತಿಸೋಕೆ ಹಾಕಿದ ಕೆಂಪು ಆಂಟಿಬಾಡಿ ಯಾವುದು ಬಣ್ಣ ಯಾವುದು ಅಂತಲೇ ತಿಳೀತಿರಲಿಲ್ಲ. ಇಲ್ಲಿ ಆ ರಗಳೆ ಇಲ್ಲ.

ರಗಳೆ ಬಫರ್‌ದು. ಅದರಲ್ಲಿರೋದು ಟ್ರೈಟಾನ್ ಎಕ್ಸ್-100 ಅನ್ನೋ ಡಿಟರ್ಜೆಂಟ್. ಹಾಳೆಯಲ್ಲಿದ್ದ ಹಾಗೇ ಹತ್ತು ನಿಮಿಷ ಹಾಕಿದೆ. ಹನಿಯ ಮೈಗೆ ಅಂಟಿಕೊಂಡಿರಬೇಕಾದ ಪೆರಿಲಿಪಿನ್-2 ಅನ್ನೋ ಪ್ರೋಟೀನ್ ನನ್ನ ಪಾಸಿಟಿವ್ ಕಂಟ್ರೋಲ್, ಅಂದರೆ ಪ್ರಯೋಗ ಸರಿಯಾಗಿದ್ದರೆ ಕಾಣಲೇಬೇಕಾದದ್ದು. ಎರಡು ವಾರ ಅದು ಕೋಶದ ತುಂಬ ಮಂಜು ಕವಿದ ಹಾಗೆ ಹರಡಿಕೊಂಡೇ ಕಂಡಿತು. ಆಂಟಿಬಾಡಿ ಕೆಟ್ಟಿದೆ ಅಂತ ಬೈದು ಹೊಸದು ತರಿಸಿದೆ. ಪಾಪ, ತಪ್ಪು ಅದರದ್ದಲ್ಲ. ಹನಿಗೆ ಹೊದಿಕೆ ಅಂತಿರೋದು ಫಾಸ್ಫೋಲಿಪಿಡ್‌ನ ಒಂದೇ ಪದರ, ಟ್ರೈಟಾನ್ ಅದನ್ನ ಕೆದಕಿ ಪ್ರೋಟೀನನ್ನೂ ಕಿತ್ತುಕೊಂಡು ಹೋಗುತ್ತೆ. ಅದಕ್ಕಿಂತ ಮೆದು ಡಿಟರ್ಜೆಂಟಾದ 0.1% ಸ್ಯಾಪೋನಿನ್‌ಗೆ ಬದಲಾಯಿಸಿ, ಆಂಟಿಬಾಡಿಗೂ ತೊಳೆಯೋ ದ್ರಾವಣಕ್ಕೂ ಅದನ್ನೇ ಬೆರೆಸಿದೆ. ಮುಂದಿನ ಸಲವೇ ಪ್ರತಿ ಹಸಿರು ಮಣಿಯ ಸುತ್ತ ಕೆಂಪು ಬಳೆ!

ಡಬ್ಬಿಯ ಮೇಲಿನ 'ಮೆಂಬ್ರೇನ್ ಪ್ರೋಟೀನ್ ಕೋ-ಲೋಕಲೈಸೇಷನ್‌ಗೆ ಸೂಕ್ತ' (ಪೊರೆಯ ಪ್ರೋಟೀನ್ ಹನಿಯ ಜಾಗದಲ್ಲೇ ಇದೆಯಾ ಅಂತ ನೋಡೋಕೆ ಸರಿ) ಅನ್ನೋ ಮಾತನ್ನೂ ನಂಬಬೇಡಿ. ನಮ್ಮ ಗೈಡ್ ಈ ಹನಿಗಳನ್ನ ಈಗಲೂ ವೆಸಿಕಲ್ (ಎರಡು ಪದರದ ಪೊರೆಯ ಚೀಲ) ಅಂತಾರೆ, ನಾನು ವಾದಕ್ಕೆ ಹೋಗಲ್ಲ. ಆದರೆ ವೆಸಿಕಲ್ ಒಳಗೆ ನೀರು, ಇದರೊಳಗೆ ಬರೀ ಎಣ್ಣೆ. ಹೇರ್‌ಪಿನ್‌ನಂತೆ ಮಡಿಚಿಕೊಂಡ ಪ್ರೋಟೀನ್ ಇಲ್ಲಿ ಕೂರಬಹುದು. ಪೊರೆಯ ಆಚೆ ಈಚೆ ಚಾಚಿಕೊಂಡು ಎರಡೂ ಬದಿಗೆ ನೀರು ಬೇಕು ಅನ್ನೋ ಟ್ರಾನ್ಸ್‌ಮೆಂಬ್ರೇನ್ ಪ್ರೋಟೀನ್ ಕೂರೋದು ಹೇಗೆ? ನನ್ನ ಪ್ರೋಟೀನ್ ಎರಡನೇ ಜಾತಿದು. ಅದೂ ಬಳೆಯಾಗಿ ಕಂಡಾಗ ಕುಣಿದಾಡಿದ್ದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಕೋಶದೊಳಗಿನ ಪೊರೆಗಳ ಜಾಲ) ಹನಿಗೆ ಒತ್ತಿಕೊಂಡೇ ಇರುತ್ತೆ, ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರೋದನ್ನ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಬಿಡಿಸಿ ತೋರಿಸಲ್ಲ ಅನ್ನೋದು ಆ ಖುಷಿಯಲ್ಲಿ ಮರೆತೇ ಹೋಗಿತ್ತು. ಕೊನೆಗೆ ಕೋಶ ಒಡೆದು, ಹಗುರ ಭಾರ ಬೇರೆ ಮಾಡೋ ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ ತಿರುಗಿಸಿ ನೋಡಿದರೆ, ಮೇಲೆ ತೇಲಿದ ಬಿಳಿ ಕೆನೆಯಲ್ಲಿ ಪೆರಿಲಿಪಿನ್ ಇತ್ತು. ನನ್ನದು ರೆಟಿಕ್ಯುಲಂನ ಗುರುತಾದ ಕ್ಯಾಲ್ನೆಕ್ಸಿನ್ ಪ್ರೋಟೀನ್ ಜೊತೆ ತಳದಲ್ಲಿ.

ಬಣ್ಣಕ್ಕೆ 5ಕ್ಕೆ 5, ಬಫರ್‌ಗೆ 1. ಮುಂದಿನ ಸಲ ಬಣ್ಣ ಮಾತ್ರ ಬಿಡಿಯಾಗಿ ತರಿಸ್ತೀನಿ. ಬಫರ್ ಬಾಟಲಿ ಮುಕ್ಕಾಲು ಹಾಗೇ ಇದೆ, ನ್ಯೂಕ್ಲಿಯಸ್ ಪ್ರೋಟೀನ್ ನೋಡೋರಿಗೆ ಕೊಟ್ಟುಬಿಡ್ತೀನಿ.