ಸಮುದ್ರದ ಮಂಜುಗಡ್ಡೆಗೂ ಗಾಳಿಗೂ ಯಾವ ಲೆಕ್ಕ ಸರಿ? ಓಡಿಸಿ ನೋಡಿದ್ದು

ಮಂಜುಗಡ್ಡೆಗೂ ಗಾಳಿಗೂ ನಡುವೆ ಶಾಖ ಎಷ್ಟು ಹರಿಯುತ್ತದೆ ಅಂತ ಲೆಕ್ಕ ಹಾಕೋಕೆ ಹಲವು ಸೂತ್ರಗಳಿವೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆರ್ಕ್ಟಿಕ್ ಅಳತೆಗಳಿಂದ ಬಂದ ಶೀಬಾ ಸೂತ್ರಕ್ಕೆ. ಇನ್ನೊಂದು ಸೂತ್ರ ನನ್ನ ಎರಡು ರಾತ್ರಿ ನಿದ್ದೆ ತಿಂದಿದೆ, ಆ ಸಿಟ್ಟೂ ಇದರಲ್ಲಿದೆ.

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಪೈಥಾನ್‌ನಲ್ಲಿ ಒಂದು ಪುಟ್ಟ ಮಾದರಿ ಬರೆದೆ. ಮೇಲೆ ಆರ್ಕ್ಟಿಕ್ ಗಾಳಿ, ಕೆಳಗೆ ಮಂಜುಗಡ್ಡೆ, ನಡುವೆ ಶಾಖ ಮತ್ತು ಸಂವೇಗದ (ಅಂದರೆ ಗಾಳಿಯ ತಳ್ಳಾಟದ) ಕೊಡುಕೊಳ್ಳುವಿಕೆ. ಗುಬ್ಬಿ ಹತ್ತಿರದ ನಮ್ಮೂರು, 8 ಜಿಬಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅಷ್ಟೇ ಬಂಡವಾಳ.

ಮೊದಲನೆಯದು ಸ್ಥಿರ ಗುಣಾಂಕದ ಸೂತ್ರ, ಬಲು ಸುಲಭ. ಗಾಳಿಯ ವೇಗ, ಸಾಂದ್ರತೆ, ವಿಶಿಷ್ಟ ಶಾಖ, ಗಾಳಿಗೂ ಮೇಲ್ಮೈಗೂ ಇರುವ ತಾಪದ ವ್ಯತ್ಯಾಸ, ಜೊತೆಗೆ 0.0012ರಂಥ ಒಂದು ಸಂಖ್ಯೆ, ಗುಣಿಸಿದರೆ ಮುಗೀತು. ಹವೆ ಹೇಗೇ ಇರಲಿ ಅದೇ ಸಂಖ್ಯೆ. ಕೋಡ್ ಓಡುತ್ತಾ ಇಲ್ವಾ ಅಂತ ನೋಡೋಕೆ ಸಾಕು.

ಆಮೇಲೆ ಮೋನಿನ್-ಒಬುಕೋವ್ ಹಾದಿ ಹಿಡಿದೆ. ಆ ಹೆಸರಿನ ಇಬ್ಬರು ವಿಜ್ಞಾನಿಗಳ 1954ರ ಸಿದ್ಧಾಂತ, ಗಾಳಿ ಎಷ್ಟು ಕಲಕುತ್ತಿದೆ ಅನ್ನೋದನ್ನೂ ಲೆಕ್ಕಕ್ಕೆ ತರುತ್ತದೆ. ಪಠ್ಯಪುಸ್ತಕದಲ್ಲಿದ್ದ ಸರಳ ಸೂತ್ರವನ್ನೇ ಹಾಕಿದೆ. ಧ್ರುವದ ಕತ್ತಲೆ, ಮೋಡವಿಲ್ಲದ ಆಕಾಶ, ಗಾಳಿ ಮೈನಸ್ 30 ಡಿಗ್ರಿ. ಬೆಳಗ್ಗೆ ನೋಡಿದರೆ ಹಿಮದ ಮೇಲ್ಮೈ ಮೈನಸ್ 44ಕ್ಕೆ ಬಿದ್ದಿತ್ತು! ಟೈಮ್ ಸ್ಟೆಪ್ (ಲೆಕ್ಕ ಒಂದೊಂದು ಸಲಕ್ಕೆ ಮುಂದೆ ಹಾರುವ ಸಮಯ) ದೊಡ್ಡದಾಯ್ತೇನೋ ಅಂತ ಒಂದು ಗಂಟೆಯಿಂದ ಐದು ನಿಮಿಷಕ್ಕೆ ಇಳಿಸಿದೆ. ಮತ್ತೆ ಅದೇ ಮೈನಸ್ 44. ಮಧ್ಯೆ ಕರೆಂಟ್ ಬೇರೆ ಹೋಯ್ತು.

ಕಾರಣ ಹೊಳೆದದ್ದು ಹಿತ್ತಲಲ್ಲಿ. ಚಳಿಗಾಲದ ಬೆಳಗ್ಗೆ ಬಚ್ಚಲ ಒಲೆಯ ಹೊಗೆ ಮೇಲೇಳದೆ ತೆಂಗಿನ ತೋಟದ ಮೇಲೆ ಹಾಸಿಕೊಂಡಿರುತ್ತದಲ್ವಾ? ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿ ಭಾರವಾಗಿ, ಕಲಕೋದನ್ನೇ ಬಿಟ್ಟಿರುತ್ತದೆ. ಮಂಜುಗಡ್ಡೆ ಮೇಲೂ ಅದೇ ಕಥೆ. ಕಲಕಾಟವನ್ನು ತಡೆಯುವ ತಣ್ಣನೆಯ ಭಾರ ಒಂದು ಕಡೆ, ಅದನ್ನು ಎಬ್ಬಿಸುವ ಗಾಳಿಯ ವೇಗ ಇನ್ನೊಂದು ಕಡೆ, ಇವುಗಳ ಅನುಪಾತವೇ ರಿಚರ್ಡ್‌ಸನ್ ಸಂಖ್ಯೆ. ಸರಳ ಸೂತ್ರದಲ್ಲಿ ಅದು 0.2 ಮುಟ್ಟಿದರೆ ಕಲಕಾಟ ಪೂರ್ತಿ ಸೊನ್ನೆ. 10 ಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 2 ಮೀಟರ್ ಇದ್ದರೆ, ಮೇಲ್ಮೈ ಗಾಳಿಗಿಂತ ಬರೀ 2 ಡಿಗ್ರಿ ತಣ್ಣಗಾದರೂ ಸಾಕು, ಬಾಗಿಲು ಬಂದ್. 5 ಮೀಟರ್ ವೇಗಕ್ಕೆ ಸುಮಾರು 12 ಡಿಗ್ರಿ ಬೇಕು. ಗಾಳಿಯ ಶಾಖ ಕೆಳಗೆ ಬರೋದು ನಿಂತಿತು, ಮೇಲ್ಮೈ ಇನ್ನೂ ತಣ್ಣಗಾಯಿತು, ತಣ್ಣಗಾದಷ್ಟೂ ಬಾಗಿಲು ಬಿಗಿಯಾಯಿತು. ಅದೇ 2 ಡಿಗ್ರಿಗೆ ಸ್ಥಿರ ಗುಣಾಂಕ ಚದರ ಮೀಟರಿಗೆ 7 ವಾಟ್ ಕೊಡುತ್ತದೆ. ಸ್ಥಿರ ಗುಣಾಂಕದ್ದು ಜಾಸ್ತಿ, ಸರಳ ಸೂತ್ರದ್ದು ಏನೂ ಇಲ್ಲ.

ಶೀಬಾ ಅಂದರೆ 1997-98ರಲ್ಲಿ ಆರ್ಕ್ಟಿಕ್‌ನ ಬೋಫರ್ಟ್ ಸಮುದ್ರದ ಮಂಜುಗಡ್ಡೆಯಲ್ಲಿ ಹಡಗನ್ನು ಬೇಕಂತಲೇ ಸಿಕ್ಕಿಸಿ, ಪಕ್ಕದಲ್ಲಿ ಗೋಪುರ ನಿಲ್ಲಿಸಿ, ಐದು ಮಟ್ಟಗಳಲ್ಲಿ ಗಾಳಿಯ ಕಲಕಾಟ ಅಳೆದದ್ದು. ಆ ಅಳತೆಯಿಂದ 2007ರಲ್ಲಿ ಬಂದ ಸೂತ್ರಗಳಲ್ಲಿ ಬಾಗಿಲು ಫಟ್ ಅಂತ ಮುಚ್ಚೋದಿಲ್ಲ, ಮೆಲ್ಲಗೆ ಸರಿಯುತ್ತದೆ. ಸೂತ್ರ ಉದ್ದ, ನಿಜ. ಆದರೆ ಒಂದೇ ಜಾಗದ ಮೇಲೆ ನೆಟ್ಟಗೆ ನಿಂತ ಗಾಳಿಯ ಕಂಬವನ್ನಷ್ಟೇ ಲೆಕ್ಕ ಹಾಕುವ ನನ್ನ ಮಾದರಿಗೆ ನನ್ನ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡಲಿಲ್ಲ.

ಮಂಜುಗಡ್ಡೆಯ ದಿಬ್ಬ, ಅಂಚುಗಳಿಗೆ ಗಾಳಿ ಬಡಿಯೋದನ್ನು ಬೇರೆಯಾಗಿ ಲೆಕ್ಕ ಹಾಕುವ ವಿಧಾನವೂ ಇದೆ. ಸಂವೇಗಕ್ಕೆ ಅದೇ ಮೇಲು. ದಿಬ್ಬದ ಎತ್ತರ, ತುಂಡುಗಳ ಗಾತ್ರ ಎಲ್ಲ ಕೇಳುತ್ತದೆ, ನನ್ನ ಹತ್ತಿರ ಇಲ್ಲ. ಪಕ್ಕಕ್ಕಿಟ್ಟೆ.

ಶೀಬಾದಲ್ಲೂ ಒಂದು ಕಿರಿಕಿರಿ ಉಳಿದಿದೆ. ಗಾಳಿ ಪೂರ್ತಿ ನಿಂತಾಗ ಲೆಕ್ಕ ತಡವರಿಸುತ್ತದೆ. ವೇಗ ಸೆಕೆಂಡಿಗೆ 1 ಮೀಟರಿಗಿಂತ ಕೆಳಗಿಳಿಯದಂತೆ ಒಂದು ಸಾಲು ಸೇರಿಸಿದೆ, ಸುಮ್ನಾಯಿತು.